ಅಪ್‌ಡೇಟ್: ಸೋದರಮಾವನ ಉಯಿಲು, ಬಸವನಗುಡಿ ಮನೆ

ಮಕ್ಕಳಿಲ್ಲದ ಸೋದರಮಾವ ತಮ್ಮ ಸ್ವಯಾರ್ಜಿತ ಮನೆ, ಎಫ್‌ಡಿ ಎರಡನ್ನೂ ನಮ್ಮಮ್ಮನಿಗೆಂದು ಬಿಳಿ ಹಾಳೆಯಲ್ಲಿ ಉಯಿಲು ಬರೆದಿಟ್ಟು ತೀರಿಕೊಂಡರು. ರಿಜಿಸ್ಟರ್ ಆಗಿಲ್ಲ, ನಡೆಯುತ್ತಾ, ಪ್ರೊಬೇಟ್ (ಉಯಿಲು ಅಸಲಿ ಎಂದು ಕೋರ್ಟ್ ಕೊಡುವ ದೃಢೀಕರಣ) ಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ವಕೀಲರು ಮೊದಲು ನೋಡಿದ್ದೇ ಸಾಕ್ಷಿಗಳ ಸಹಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಬರೆದವರ ಸಹಿಯ ಜೊತೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ, ಛಾಪಾ ಕಾಗದ ಕಡ್ಡಾಯವಲ್ಲ. ಬೆಂಗಳೂರಿನ ಆಸ್ತಿಗೆ ಹಿಂದೂಗಳು ಇಲ್ಲೇ ಬರೆದ ಉಯಿಲಿಗೆ ಪ್ರೊಬೇಟೂ ಕಡ್ಡಾಯವಿಲ್ಲ. ಆದರೆ ನಾಳೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಒಬ್ಬರಿಗೆ ತುಂಬಾ ವಯಸ್ಸಾಗಿದೆ. ಇನ್ನೊಬ್ಬ ಸಾಕ್ಷಿ ಪಕ್ಕದ ಮನೆಯವರು, ಗಟ್ಟಿಯಾಗಿದ್ದಾರೆ, ಅದೇ ನಮಗೆ ಧೈರ್ಯ.

ಎಫ್‌ಡಿಗೆ ನಾಮಿನಿ ಚಿಕ್ಕಮಾವ. ಬ್ಯಾಂಕು ದುಡ್ಡನ್ನು ಅವರಿಗೇ ಕೊಟ್ಟಿತು. ನಾಮಿನಿ ಹಣ ಪಡೆಯಬಹುದು, ಅಷ್ಟಕ್ಕೇ ಮಾಲೀಕನಾಗುವುದಿಲ್ಲ. ನಾವು ಬಾಯಿ ಬಿಡುವ ಮೊದಲೇ "ಅಕ್ಕಾ, ಇದು ನಿಂದು" ಎಂದು ಅಮ್ಮನಿಗೆ ಕಳಿಸಿಬಿಟ್ಟರು. ಇಂಥ ತಮ್ಮಂದಿರು ಎಲ್ಲರಿಗೂ ಸಿಗಲಿ.

ಖಾತಾ ಬದಲಾವಣೆಗೆ ಮರಣ ಪ್ರಮಾಣಪತ್ರ, ಉಯಿಲಿನ ಪ್ರತಿ, ವಂಶವೃಕ್ಷ ಕೊಟ್ಟಿದ್ದೇವೆ. ಖಾತಾ ತೆರಿಗೆ ದಾಖಲೆಯಷ್ಟೇ, ಹಕ್ಕು ಬರುವುದು ಉಯಿಲಿನಿಂದ. ಹಾಗಾಗಿ ಮೂಲ ಪ್ರತಿಯನ್ನು ಯಾರ ಕೈಗೂ ಕೊಡದೆ ಲಾಕರ್‌ನಲ್ಲಿಟ್ಟಿದ್ದೇವೆ.