ಡಾಂಗಲ್ ಕೇಳುವ ಹಳೇ ಕನ್ನಡ ಸಾಫ್ಟ್‌ವೇರ್: ದುಡ್ಡು ಕೊಟ್ಟವನಿಗೇ ಯಾಕೆ ಈ ಪಾಡು?

ಶಿರಸಿ_ಅಚ್ಚುಮನೆ:

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕರೆಯೋಲೆ, ಬಿಲ್ ಬುಕ್, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನ ತಾಳಮದ್ದಳೆ ಹ್ಯಾಂಡ್‌ಬಿಲ್, ಇಂಥದ್ದೇ ಕೆಲಸ. ಡಿಟಿಪಿ ಎಲ್ಲ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಮೇಲೆ, ಪುಟ ಜೋಡಿಸುವ ಪೇಜ್‌ಮೇಕರ್ 7ರಲ್ಲಿ. ನಗಬೇಡಿ, ಈ ಊರಲ್ಲಿ ನಾನೊಬ್ಬನೇ ಅಲ್ಲ.

ಕನ್ನಡ ಫಾಂಟಿನ ಸಾಫ್ಟ್‌ವೇರ್ ಆ ಕಾಲದಲ್ಲಿ ದುಡ್ಡು ಕೊಟ್ಟು ಬಿಲ್ ಸಮೇತ ತಗೊಂಡಿದ್ದು. ಅದರ ಜೊತೆ ಒಂದು ಡಾಂಗಲ್ ಬಂದಿತ್ತು. ಹಿಂದೆ ಪ್ರಿಂಟರ್ ಕೇಬಲ್ ಹಾಕುವ ಉದ್ದದ ಪೋರ್ಟಿಗೆ (ಪ್ಯಾರಲಲ್ ಪೋರ್ಟ್ ಅಂತಾರೆ) ಅದನ್ನು ಸಿಕ್ಕಿಸಿದರೆ ಮಾತ್ರ ಕನ್ನಡ ಟೈಪ್ ಆಗುತ್ತದೆ. ತೆಗೆದರೆ ಅರ್ಧ ಸಾಲಿನಲ್ಲೇ ನಿಲ್ಲುತ್ತದೆ. ಈಗ ಆ ಕಂಪ್ಯೂಟರಿನ ಮದರ್‌ಬೋರ್ಡ್ ಸಾಯುವ ಹಂತದಲ್ಲಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಆನ್ ಆಗೋಕೆ ಒದ್ದಾಡುತ್ತದೆ. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತರಿಸಿ ನೋಡಿದೆ, ಡಾಂಗಲ್ ಇದೆ ಅಂತಲೇ ಗೊತ್ತಾಗಲ್ಲ ಅದಕ್ಕೆ. ಮಾರಿದವರ ಹೆಸರು ಇಲ್ಲಿ ಬೇಡ. ಫೋನ್ ಮಾಡಿದರೆ "ಆ ವರ್ಷನ್ ನಿಲ್ಲಿಸಿದ್ದೇವೆ, ಹೊಸದು ತಗೊಳ್ಳಿ" ಅಂತಾರೆ. ಹೊಸದರಲ್ಲಿ ನನ್ನ ಹಳೇ ಫೈಲ್ ಸರಿಯಾಗಿ ತೆರೆಯುತ್ತದಾ ಅಂದರೆ ಉತ್ತರ ಇಲ್ಲ.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಪಕ್ಕದ ರಸ್ತೆಯಲ್ಲಿ ಒಬ್ಬರು ಇದೇ ಸಾಫ್ಟ್‌ವೇರನ್ನು ಲಾಕ್ ಒಡೆದ ಸಿಡಿಯಿಂದ ಹಾಕಿಕೊಂಡಿದ್ದಾರೆ. ಅವರಿಗೆ ಡಾಂಗಲ್ಲೂ ಬೇಡ, ಪೋರ್ಟೂ ಬೇಡ, ಹೊಸ ಕಂಪ್ಯೂಟರಿನಲ್ಲಿ ಆರಾಮಾಗಿ ಕೆಲಸ ಮಾಡ್ತಿದ್ದಾರೆ. ಹಾಗಾದರೆ ಈ ಬೀಗ ಯಾರಿಗೆ ಹಾಕಿದ್ದು? ಮತ್ತೆ ನಾನೀಗ ಏನು ಮಾಡಲಿ?

ಬೆಂಗಳೂರಲ್ಲಿ_ಹೊನ್ನಾವರದವ:

ಅಣ್ಣ, ನಿಮಗೆ ಆಗಿರೋದು ಹಳೇ ಕಥೆ. ಕಾಪಿ ತಡೆಯುವ ಲಾಕ್ ಯಾವಾಗಲೂ ದುಡ್ಡು ಕೊಟ್ಟವನ ಮನೆಯಲ್ಲೇ ಇರೋದು, ಕದ್ದವನ ಮನೆಗೆ ಅದು ಹೋಗೋದೇ ಇಲ್ಲ. ಒಡೆದ ಮೇಲೆ ತಾನೇ ಅವನಿಗೆ ಸಿಗೋದು!

2005ರಲ್ಲಿ ಸೋನಿ ಬಿಎಂಜಿ ಮಾಡಿದ್ದು ಇದರ ಪರಮಾವಧಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಹಾಡಿನ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ಅದು ಸದ್ದಿಲ್ಲದೆ ವಿಂಡೋಸ್ ಒಳಗೆ ಒಂದು ಪ್ರೋಗ್ರಾಂ ಇಳಿಸಿ, ಅದು ಇರುವುದೇ ಕಾಣದಂತೆ ಬಚ್ಚಿಡುತ್ತಿತ್ತು. ಮಾರ್ಕ್ ರಸಿನೋವಿಚ್ ಅನ್ನುವವರು ತಮ್ಮದೇ ಕಂಪ್ಯೂಟರಿನಲ್ಲಿ ಅದನ್ನು ಹಿಡಿದು, ಅಕ್ಟೋಬರ್ 31ಕ್ಕೆ ಎಲ್ಲವನ್ನೂ ಬರೆದು ಹಾಕಿದರು. ಒಂದು ನಿರ್ದಿಷ್ಟ ಗುರುತಿನಿಂದ ಶುರುವಾಗುವ ಹೆಸರಿದ್ದರೆ ಸಾಕು, ಯಾವ ಫೈಲನ್ನಾದರೂ ಅದು ಮರೆಮಾಡುತ್ತಿತ್ತು. ವೈರಸ್ ಬರೆಯುವವರಿಗೆ ಇಷ್ಟು ಸಾಕಲ್ವಾ, ತಮ್ಮ ವೈರಸ್ಸಿಗೂ ಅದೇ ಗುರುತಿಟ್ಟು ಅದರ ನೆರಳಲ್ಲಿ ಕೂತರು. ಕೊನೆಗೆ ಕೋರ್ಟ್ ಕೇಸಾಗಿ ಕಂಪನಿ ಸಿಡಿಗಳನ್ನು ವಾಪಸ್ ತಗೊಳ್ಳಬೇಕಾಯ್ತು. ಅದೇ ಹಾಡನ್ನು ನೆಟ್‌ನಿಂದ ಕದ್ದು ಇಳಿಸಿಕೊಂಡವನಿಗೆ ಈ ತಾಪತ್ರಯ ಒಂದೂ ಇರಲಿಲ್ಲ.

ನನ್ನ ಸಲಹೆ ನೇರ. ನೀವು ಬಿಲ್ ಇಟ್ಟುಕೊಂಡಿರೋ ಗಿರಾಕಿ. ಆ ಒಡೆದ ಸಿಡಿ ಹಾಕಿಕೊಳ್ಳಿ, ಪಾಪ ಏನೂ ಬರಲ್ಲ.

ಕೋಡಿಬಾಗ_ವಕೀಲ:

ತಮ್ಮಾ, ಪಾಪ ಬರತ್ತೋ ಇಲ್ವೋ ಬೇರೆ ಮಾತು, ಕೇಸ್ ಬರಬಹುದು. ಕಾರವಾರ ಕೋರ್ಟಿನಲ್ಲಿ ಕೆಲಸ ಮಾಡುವವನಾಗಿ ಇಷ್ಟು ಹೇಳಬಲ್ಲೆ.

ನಮ್ಮ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲ ಅಂದರೆ ಕೋರ್ಟ್ ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಆದರೆ ಪ್ರೆಸ್ಸಿನಲ್ಲಿ ಬಳಸೋದು ವ್ಯಾಪಾರಕ್ಕೇ ಅಲ್ವಾ. ಬೇರೆ ಯಾರೋ ಒಡೆದು ಹಂಚಿದ ಸಿಡಿ ಕಳ್ಳ ಪ್ರತಿಯೇ. ನಿಮ್ಮ ಹತ್ತಿರ ಬಿಲ್ ಇದೆ ಅಂತ ಆ ಸಿಡಿ ಸಾಚಾ ಆಗಲ್ಲ.

ಆದರೆ ಕಾನೂನು ಪೂರ್ತಿ ಕಂಪನಿ ಕಡೆಗೇ ಇದೆ ಅಂತಲೂ ತಿಳಿಯಬೇಡಿ. 52ನೇ ಕಲಂ ಓದಿ. ಸಾಫ್ಟ್‌ವೇರನ್ನು ಸರಿಯಾದ ದಾರಿಯಲ್ಲಿ ಪಡೆದವನು ಅದು ಹಾಳಾಗದಂತೆ, ಕಳೆದುಹೋಗದಂತೆ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಬಹುದು. 2012ರಲ್ಲಿ ಸೇರಿಸಿದ 65ಎ ಕಲಂ ಲಾಕ್ ಒಡೆಯೋದಕ್ಕೆ 2 ವರ್ಷದವರೆಗೆ ಜೈಲು ಅನ್ನುತ್ತದೆ, ನಿಜ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಒಡೆದರೆ ಅದು ಅಪರಾಧ ಅಲ್ಲ ಅಂತ ಅದೇ ಕಲಂ ಹೇಳುತ್ತದೆ. ಅಮೆರಿಕದ ಕಾನೂನಿಗಿಂತ ಇದು ಎಷ್ಟೋ ಮೆತ್ತಗಿದೆ. ಒಂದು ಷರತ್ತಿದೆ: ನಿಮ್ಮ ಪರವಾಗಿ ಬೇರೆಯವರು ಒಡೆದುಕೊಟ್ಟರೆ, ಅವರು ನಿಮ್ಮ ಹೆಸರು, ವಿಳಾಸ, ಯಾವ ಕೆಲಸಕ್ಕೆ ಅನ್ನೋದನ್ನು ದಾಖಲೆ ಇಡಬೇಕು. ಈ ದಾಖಲೆ ಪುಸ್ತಕ ಇಟ್ಟ ಅಂಗಡಿ ಇಲ್ಲಿವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಕುಮಟಾ_ಮಾಸ್ತರ್:

ಎಲ್ಲರೂ ಸೇರಿ ಕಂಪನಿಗೆ ಬೈತಿದ್ದೀರಿ. ಸ್ವಲ್ಪ ಆ ಕಡೆಯೂ ನೋಡಿ ಮಾರಾಯ್ರೆ.

1990ರ ದಶಕದಲ್ಲಿ ಕನ್ನಡ ಫಾಂಟ್ ಮಾಡೋದು ಅಂದರೆ ಏನು? ಕಾಗುಣಿತ, ಒತ್ತು, ಅರ್ಕಾವೊತ್ತು ಎಲ್ಲ ಸೇರಿಸಿ ಇನ್ನೂರು ಚಿಲ್ಲರೆ ಜಾಗದಲ್ಲಿ ತುರುಕಬೇಕಿತ್ತು. ಯಾರೋ ವರ್ಷಗಟ್ಟಲೆ ಕೂತು ಒಂದೊಂದು ಅಕ್ಷರ ಬಿಡಿಸುತ್ತಿದ್ದರು. ಗಿರಾಕಿಗಳು ಯಾರು? ನಿಮ್ಮಂಥ ಪ್ರೆಸ್, ಪತ್ರಿಕೆ, ಸರ್ಕಾರಿ ಕಚೇರಿ, ಅಷ್ಟೇ. ಲಾಕ್ ಇಲ್ಲದೆ ಕೊಟ್ಟಿದ್ದರೆ ಶಿರಸಿಯಲ್ಲಿ ಒಂದು ಪ್ರತಿ ಮಾರಾಟ ಆಗುತ್ತಿತ್ತು, ಉಳಿದವರೆಲ್ಲ ಫ್ಲಾಪಿ ಹಿಡಿದು ಅದೇ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು. ನೀವೇ ಬರೆದಿದ್ದೀರಲ್ಲ, ಪಕ್ಕದ ರಸ್ತೆಯವರು ದುಡ್ಡು ಕೊಟ್ಟಿಲ್ಲ ಅಂತ. ಬಿಲ್ ಗೇಟ್ಸ್ 1976ರಲ್ಲಿ ಕಂಪ್ಯೂಟರ್ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರದ ತಕರಾರೂ ಇದೇ: ಹಾರ್ಡ್‌ವೇರಿಗೆ ದುಡ್ಡು ಕೊಡ್ತೀರಿ, ಸಾಫ್ಟ್‌ವೇರ್ ಮಾತ್ರ ಹಂಚಿಕೊಳ್ಳೋ ವಸ್ತುವಾ ಅಂತ. ಆ ಮನುಷ್ಯ ಆಮೇಲೆ ಏನಾದ ಅನ್ನೋದು ಬೇರೆ ವಿಷಯ. ಕನ್ನಡ ಫಾಂಟ್ ಮಾಡಿದವರು ಯಾರೂ ಹಾಗೆ ಆಗಲಿಲ್ಲ.

ಬರಹ, ನುಡಿಯಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗೋಕೆ ಶುರುವಾದ ಮೇಲೆ ಕನ್ನಡಕ್ಕೆ ಯಾರು ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಂಡರು ಹೇಳಿ. ಅವು ಬಂದಿದ್ದು ಒಳ್ಳೆಯದೇ, ನಾನೂ ಶಾಲೆಯ ಪ್ರಶ್ನೆಪತ್ರಿಕೆ ನುಡಿಯಲ್ಲೇ ಮಾಡೋದು.

ಶಿರಸಿ_ಅಚ್ಚುಮನೆ:

ಮಾಸ್ತರ್ರೇ, ಬೀಗ ಹಾಕಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ವ್ಯಾಪಾರ ನಂದೂ ಇದೆ, ಉದ್ರಿ ಹೇಳಿ ಹೋದವರು ತಿರುಗಿ ಬರದಿದ್ದರೆ ಏನಾಗತ್ತೆ ಅಂತ ಗೊತ್ತು. ನನ್ನ ತಕರಾರು ಬೀಗ ತೆಗೆಯದೆ ಹೋದ ಬಗ್ಗೆ. ಮಾರೋದು ನಿಲ್ಲಿಸಿದ ಮೇಲೆ ಆ ಡಾಂಗಲ್ ಯಾರ ದುಡ್ಡು ಕಾಯ್ತಾ ಇದೆ?

ಬೆಂಗಳೂರಲ್ಲಿ_ಹೊನ್ನಾವರದವ:

ಇದು ಸರಿಯಾದ ಪ್ರಶ್ನೆ. ಇದಕ್ಕೆ ದಾರಿ ಇಲ್ಲ ಅಂತೇನೂ ಇಲ್ಲ. ಅಡೋಬಿಯ ಕ್ರಿಯೇಟಿವ್ ಸೂಟ್ 2 ನೆನಪಿದೆಯಾ? ಅದು ಇನ್‌ಸ್ಟಾಲ್ ಆದ ಮೇಲೆ ಕಂಪನಿಯ ಸರ್ವರ್ ಕೇಳಿ ಆಕ್ಟಿವೇಟ್ ಆಗಬೇಕಿತ್ತು. ಆ ಸರ್ವರ್ ನಿಲ್ಲಿಸಿದಾಗ, 2013ರ ಸುಮಾರಿಗೆ, ಆಕ್ಟಿವೇಶನ್ ಬೇಡದ ಪ್ರತಿಯನ್ನೇ ಸೀರಿಯಲ್ ನಂಬರ್ ಸಮೇತ ತಮ್ಮ ಸೈಟಿನಲ್ಲಿ ಇಟ್ಟರು. ಹಳೇ ಗಿರಾಕಿಗಳಿಗೆ ಮಾತ್ರ ಅಂದರು, ಊರೆಲ್ಲ ಇಳಿಸಿಕೊಂಡಿತು. ಮುಳುಗಿದರಾ ಅವರು? ಅದೇ 2013ರಲ್ಲಿ ಹೊಸ ವರ್ಷನ್‌ಗಳನ್ನೆಲ್ಲ ತಿಂಗಳ ಬಾಡಿಗೆಗೆ ಹಾಕಿದರು, ಅದು ಇನ್ನೊಂದು ಜಗಳ. ಬಾಡಿಗೆ ನಿಂತ ದಿನ ಸಾಫ್ಟ್‌ವೇರೂ ನಿಲ್ಲತ್ತೆ. ಅದರ ಮುಂದೆ ನಿಮ್ಮ ಡಾಂಗಲ್ಲೇ ವಾಸಿ, ಕೈಯಲ್ಲಾದರೂ ಇದೆ.

ಒಡೆದ ಸಿಡಿ ಮಾತು ಬಿಟ್ಟೆ, ವಕೀಲರು ಹೇಳಿದ ಮೇಲೆ. ಆದರೆ ಹೊಸ ವಿಂಡೋಸ್ ಕಡೆ ಹೋಗೋ ಆಸೆ ಇದ್ದರೆ ಡಾಂಗಲ್ ಅಲ್ಲಿ ಕೆಲಸ ಮಾಡೋದು ಅನುಮಾನ. ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ, ಎಕ್ಸ್‌ಪಿ ಕಾಲದ 32 ಬಿಟ್ ಡ್ರೈವರನ್ನು (ಡಾಂಗಲ್ ಜೊತೆ ಮಾತಾಡೋಕೆ ವಿಂಡೋಸಿಗೆ ಬೇಕಾದ ಸಣ್ಣ ಪ್ರೋಗ್ರಾಂ) ಅದು ಒಳಗೇ ಬಿಟ್ಟುಕೊಳ್ಳಲ್ಲ. ಪೇಜ್‌ಮೇಕರ್ ಹೇಗೋ ಓಡಬಹುದು, ಡಾಂಗಲ್ಲಿನ ಡ್ರೈವರ್ ಓಡಲ್ಲ. ಅಲ್ಲೂ ತಮಾಷೆ ನೋಡಿ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಪೀಳಿಗೆಯಿಂದ ಈಚಿನದೇ ಆಗಬೇಕು. ಚೆನ್ನಾಗಿ ಓಡ್ತಿರೋ ಏಳನೇ ಪೀಳಿಗೆಯ ಕಂಪ್ಯೂಟರನ್ನು ಗುಜರಿಗೆ ಹಾಕಿ ಅಂದ ಹಾಗೆ. ಇದೂ ಒಂದು ಥರ ಡಾಂಗಲ್ಲೇ, ಬೋರ್ಡಿನೊಳಗೆ ಅಂಟಿಸಿದ್ದಾರೆ ಅಷ್ಟೇ.

ಕಾಳಿ_ಸೇತುವೆ:

ಕಾರವಾರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ವಾದ ಸಾಕು, ಕೆಲಸದ ಮಾತು ಹೇಳ್ತೇನೆ.

ಮೊದಲು ಹಾರ್ಡ್ ಡಿಸ್ಕ್ ಪೂರ್ತಿ ಕ್ಲೋನ್ ಮಾಡಿಸಿ, ಅಂದರೆ ಇದ್ದಹಾಗೇ ಇನ್ನೊಂದು ಡಿಸ್ಕಿಗೆ ನಕಲು. ಇವತ್ತೇ. ಬೋರ್ಡ್ ಹೋದರೆ ಬೇರೆ ಹಾಕಬಹುದು, ಡಿಸ್ಕ್ ಹೋದರೆ ನಿಮ್ಮ ಹಳೇ ಫೈಲೆಲ್ಲ ಹೋಯ್ತು.

ಯುಎಸ್‌ಬಿ ಕೇಬಲ್ ಬಿಸಾಕಿ. ಅದು ಪ್ರಿಂಟರಿಗೆ ಮಾಡಿದ್ದು, ಡಾಂಗಲ್ ಪೋರ್ಟಿನ ಪಿನ್‌ಗಳ ಜೊತೆ ನೇರ ಮಾತಾಡಬೇಕು, ಆ ಕೇಬಲ್ ಅದಕ್ಕೆ ಬಿಡಲ್ಲ. ಬೋರ್ಡಿಗೆ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್ ಸಿಗುತ್ತದೆ, ಅದೂ ಗ್ಯಾರಂಟಿ ಇಲ್ಲ. ಹಳೇ ಡಾಂಗಲ್ ಡ್ರೈವರುಗಳು ಪೋರ್ಟನ್ನು 378 ಅನ್ನುವ ಅಡ್ರೆಸ್ಸಿನಲ್ಲೇ ಹುಡುಕುತ್ತವೆ, ಕಾರ್ಡ್ ಬೇರೆ ಅಡ್ರೆಸ್ಸಿಗೆ ಹೋಗಿ ಕೂರುತ್ತದೆ.

ಸರಿಯಾದ ದಾರಿ ಎಚ್61 ಚಿಪ್‌ಸೆಟ್ಟಿನ ಸೆಕೆಂಡ್ ಹ್ಯಾಂಡ್ ಬೋರ್ಡ್. ಇಂಟೆಲ್ ಎರಡನೇ, ಮೂರನೇ ಪೀಳಿಗೆಯ ಪ್ರೊಸೆಸರ್ ಕೂರುತ್ತದೆ, ಎಕ್ಸ್‌ಪಿಗೆ ಡ್ರೈವರ್ ಸಿಗುತ್ತದೆ. ಹಿಂದುಗಡೆ ಪೋರ್ಟ್ ಕಾಣದಿದ್ದರೂ ತುಂಬಾ ಬೋರ್ಡುಗಳ ಅಂಚಿನಲ್ಲಿ ಎರಡು ಸಾಲು ಪಿನ್ ಇರುತ್ತವೆ, ಪಕ್ಕದಲ್ಲಿ ಸಣ್ಣದಾಗಿ ಎಲ್‌ಪಿಟಿ (ಪ್ಯಾರಲಲ್ ಪೋರ್ಟಿನ ಹೆಸರು) ಅಂತ ಬರೆದಿರುತ್ತದೆ. ಅದಕ್ಕೆ ಪಟ್ಟಿ ಕೇಬಲ್ ಹಾಕಿ ಪೋರ್ಟ್ ಹೊರಗೆ ತರಬಹುದು. ಅದು ಬೋರ್ಡಿನದ್ದೇ ಪೋರ್ಟ್, ಆದ್ದರಿಂದ 378ರಲ್ಲೇ ಬರುತ್ತದೆ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್‌ನಲ್ಲಿ, ಒಮ್ಮೆ ನೋಡಿಕೊಳ್ಳಿ. ಬೋರ್ಡ್ ಬದಲಾದರೆ ಎಕ್ಸ್‌ಪಿ ಹೊಸದಾಗಿ ಹಾಕಬೇಕಾಗಬಹುದು, ಆಕ್ಟಿವೇಶನ್ ಕೇಳತ್ತೆ, ವಿಂಡೋಸ್‌ನಲ್ಲಿ ಆ ರಗಳೆ ಶುರುವಾಗಿದ್ದೇ ಎಕ್ಸ್‌ಪಿಯಿಂದ, 2001ರಲ್ಲಿ. ನೆಟ್ ಮಾತ್ರ ಕೊಡಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಅಪ್‌ಡೇಟ್ ನಿಂತಿದೆ.

ಡಾಂಗಲ್ಲಿನ ಪಿನ್ ಹಸಿರು ಕಟ್ಟಿದೆಯಾ ನೋಡಿ. ಇಲ್ಲಿ ಕಡಲ ಗಾಳಿಗೆ ಎಲ್ಲ ಹಸಿರು ಕಟ್ಟುತ್ತವೆ, ಶಿರಸಿಯಲ್ಲಿ ಮಳೆಗಾಲದ ಥಂಡಿ ಸಾಕು. ಎಷ್ಟೋ "ಸತ್ತ" ಡಾಂಗಲ್ ಬರೀ ತಿಕ್ಕಿ ಒರೆಸಿದ್ದಕ್ಕೆ ಎದ್ದಿವೆ.

ಯಲ್ಲಾಪುರ_ಲಿನಕ್ಸ್:

ಎಲ್ಲರೂ ರೋಗಿಯನ್ನು ಬದುಕಿಸೋ ಮಾತೇ ಆಡ್ತಿದ್ದೀರಿ. ಹೊಸ ಕೆಲಸ ಯಾಕೆ ಹಳೇದರಲ್ಲಿ ಮಾಡಬೇಕು? ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ, ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ. 2024ರಲ್ಲಿ ಬಂದ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪಿಡಿಎಫ್ ನಾಲ್ಕು ಬಣ್ಣಕ್ಕೆ ಬೇರ್ಪಡಿಸಿ ಕೊಡುತ್ತದೆ. ಕೇರಳದಲ್ಲಿ ಶಾಲೆ ಮಕ್ಕಳೇ ಲಿನಕ್ಸ್ ಬಳಸ್ತಾರೆ, ನಮಗೇನು ದಾಡಿ? ಡಾಂಗಲ್ ಇಲ್ಲ, ಆಕ್ಟಿವೇಶನ್ ಇಲ್ಲ.

ಶಿರಸಿ_ಅಚ್ಚುಮನೆ:

ಲಿನಕ್ಸಿನವರೇ, ಹ್ಯಾಂಡ್‌ಬಿಲ್ ನೋಡಿದ್ದೀರಾ? ಪ್ರಸಂಗದ ಹೆಸರು ಹತ್ತು ಮಾರು ದೂರದಿಂದ ಕಾಣಬೇಕು, ದಪ್ಪ, ಬಳುಕಿನ ಅಕ್ಷರ. ಅಂಥ ಫಾಂಟ್ ನನ್ನ ಹಳೇ ಸಾಫ್ಟ್‌ವೇರಿನಲ್ಲಿ ರಾಶಿ ಇವೆ. ಯುನಿಕೋಡ್‌ನಲ್ಲಿ ಎಲ್ಲ ಸಪ್ಪೆ ಅಂತ ಮೇಳದವರೇ ಹೇಳ್ತಾರೆ. ಇನ್ನು ಹಳೇ ಫೈಲುಗಳು. ಸೊಸೈಟಿ ವರದಿ ಪ್ರತಿ ವರ್ಷ ಅಂಕಿ ಬದಲಾಯಿಸಿ ಅದೇ ಪುಟ. ಅದನ್ನೆಲ್ಲ ಮೊದಲಿಂದ ಟೈಪ್ ಮಾಡಲಾ?

ಯಲ್ಲಾಪುರ_ಲಿನಕ್ಸ್:

ಫಾಂಟ್ ಕಮ್ಮಿ ಅನ್ನೋದು ನಿಜ, ಸುಮ್ನೆ ವಾದ ಮಾಡಲ್ಲ. ಆದರೆ "ಬಾಲೂ ತಮ್ಮ" ಅನ್ನುವ ಫಾಂಟ್ ದಪ್ಪಗಿದೆ, "ಅಕಾಯ ಕನಡಕ"ಕ್ಕೆ ಬಳುಕು ಇದೆ, ಹುಬ್ಬಳ್ಳಿ ಅಂತಲೇ ಒಂದಿದೆ. ಎಲ್ಲ ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು. ಹಾಕಿ ಒಮ್ಮೆ ಮೇಳದವರಿಗೆ ತೋರಿಸಿ.

ಹಳೇ ಫೈಲಿಗೆ ಪರಿವರ್ತಕಗಳಿವೆ. ನುಡಿಯ ಆಸ್ಕಿ ಅಕ್ಷರವಾದರೆ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೇ ಪದ್ಧತಿ) ಸುಲಭ. "ಕನ್ನಡ" ಅಂತ ಬರೆದಿದ್ದು ಫಾಂಟ್ ಇಲ್ಲದ ಕಡೆ ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಅಕ್ಷರ ಅಂತೆಲ್ಲ ಕಾಣತ್ತಲ್ಲ, ಅದನ್ನೇ ಒಂದೊಂದಾಗಿ ಯುನಿಕೋಡಿಗೆ ಬದಲಿಸುತ್ತದೆ. ನಿಮ್ಮ ಕಂಪನಿಯದ್ದು ಬೇರೆ ಜೋಡಣೆಯಾದರೆ ಅದಕ್ಕೆ ತಕ್ಕ ಪಟ್ಟಿ ಬೇಕು. ಎಡವೋದು ಅರ್ಕಾವೊತ್ತಿನಲ್ಲಿ. ಹಳೇದರಲ್ಲಿ "ಕಾರ್ತಿಕ"ದ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. ಹಾಗಾಗಿ ಹೆಸರುಗಳನ್ನು ಕಣ್ಣಿಟ್ಟು ಓದಿ. ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರು ತಪ್ಪಿದರೆ ಪರಿವರ್ತಕ ಬಂದು ಬೈಸಿಕೊಳ್ಳಲ್ಲ.

ಕುಮಟಾ_ಮಾಸ್ತರ್:

ಪುಕ್ಕಟೆ ಫಾಂಟ್ ಬಳಸಿ, ಬೇಡ ಅನ್ನಲ್ಲ. ಆದರೆ ಒಳ್ಳೆ ಡಿಸ್‌ಪ್ಲೇ ಫಾಂಟ್ ಕಮ್ಮಿ ಯಾಕೆ ಇವೆ ಅಂದರೆ ದುಡ್ಡು ಕೊಡೋರು ಇಲ್ಲ ಅಂತಲೇ. ಪ್ರೆಸ್ಸಿನವರು ಹತ್ತು ಜನ ಸೇರಿ ಒಬ್ಬ ಕಲಾವಿದನಿಗೆ ದುಡ್ಡು ಕೊಟ್ಟು, ಬೀಗ ಇಲ್ಲದ ಫಾಂಟ್ ಮಾಡಿಸಿಕೊಳ್ಳಿ. ಆಗ ನಾನೂ ಬಾಯಿ ಮುಚ್ಚುತ್ತೇನೆ.

ಶಿರಸಿ_ಅಚ್ಚುಮನೆ:

ಹತ್ತು ಪ್ರೆಸ್ಸಿನವರನ್ನು ಒಂದು ಕಡೆ ಕೂರಿಸೋದಕ್ಕಿಂತ ಫಾಂಟ್ ಮಾಡೋದೇ ಸುಲಭ ಮಾಸ್ತರ್ರೇ! ಆದರೂ ಮಾತು ಎತ್ತಿ ನೋಡ್ತೇನೆ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಹಳೇ ಗಿರಾಕಿಗಳ ಫೈಲಿಗೆ ಎಚ್61 ಬೋರ್ಡ್ ಹಾಕಿಸಿ ಎಕ್ಸ್‌ಪಿಯನ್ನೇ ಉಳಿಸೋದು. ಹೊಸ ಪುಸ್ತಕ, ವರದಿ ಬಂದರೆ ಯುನಿಕೋಡ್. ಹ್ಯಾಂಡ್‌ಬಿಲ್ ಸದ್ಯ ಹಳೇದರಲ್ಲೇ. ಕಾರವಾರದ ಅಣ್ಣ, ಅಂಥ ಬೋರ್ಡ್ ನಿಮ್ಮ ಹತ್ತಿರ ಇದೆಯಾ?

ಕಾಳಿ_ಸೇತುವೆ:

ಇದೆ. ಬರುವಾಗ ಸಿಪಿಯು ಮತ್ತು ಡಾಂಗಲ್ ಸಾಕು, ಮಾನಿಟರ್ ಹೊತ್ತು ಘಟ್ಟ ಇಳಿಯಬೇಡಿ. ಎಕ್ಸ್‌ಪಿಯ ಸಿಡಿ, ಕೀ ಬರೆದ ಸ್ಟಿಕ್ಕರ್, ಫಾಂಟಿನ ಸಿಡಿ ಇದ್ದರೆ ತನ್ನಿ. ಬಿಲ್ಲಿನ ಝೆರಾಕ್ಸ್ ಕೂಡ ಒಂದು ಇರಲಿ. ಲಾಕ್ ಏನೂ ಮುಟ್ಟಲ್ಲ, ಆದರೂ ವಕೀಲರು ಇಲ್ಲೇ ನೋಡ್ತಾ ಇದ್ದಾರೆ.