ಭಾನುವಾರದ ಎರಡು ಗಂಟೆ: ಇಂಥ ತಿಂಗಳಲ್ಲಿ ನೀವು ಏನು ಮಾಡಿದಿರಿ?

ಅಪ್ಪನಿಗೆ ಪಾರ್ಶ್ವವಾಯು ಬಡಿದು ಇಪ್ಪತ್ತು ದಿನವಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಸಂಬಳವಿಲ್ಲದ ರಜೆ ಹಾಕಿ ಬೆಂಗಳೂರಿನ ಮನೆಯಲ್ಲೇ ಇದ್ದೇನೆ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ತಂಗಿ ಬಂದು ಅಪ್ಪನ ಹತ್ತಿರ ಕೂರುತ್ತಾಳೆ. ಆ ಎರಡು ಗಂಟೆ ಮಾತ್ರ ನನ್ನದು. ಹಳೆಯ ಗೆಳತಿಯರಿಬ್ಬರು ‘ಎಲ್ಲಿಗಾದರೂ ಹೋಗೋಣ ಬಾ’ ಎಂದು ಕರೆಯುತ್ತಲೇ ಇದ್ದಾರೆ. ಕೈಯಲ್ಲಿ ದುಡ್ಡಿಲ್ಲ. ಇದ್ದರೂ, ಅಪ್ಪ ಹಾಗೆ ಮಲಗಿರುವಾಗ ನಾನು ನಗುತ್ತಾ ತಿರುಗಿದರೆ ಹೇಗೆ ಎಂಬ ಅಳುಕು. ಇಂಥ ತಿಂಗಳನ್ನು ದಾಟಿದವರು ಹೇಳುತ್ತೀರಾ?

ಮೈಸೂರಿನಿಂದ

ನನ್ನ ಕೆಲಸ ಹೋದ ಬೆನ್ನಿಗೇ ಆಷಾಢ ಬಂತು. ‘ಆಷಾಢದಲ್ಲಿ ಹೊಸ ಕೆಲಸ ಹುಡುಕಬೇಡ’ ಎಂದರು ಅತ್ತೆ. ಹುಡುಕಿದರೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ. ನಾವು ಮೂವರು ಗೆಳತಿಯರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದೆಂದು ಗೊತ್ತುಮಾಡಿಕೊಂಡೆವು. ಆಷಾಢ ಶುಕ್ರವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಾಗಾಗಿ ನಮ್ಮದು ಬುಧವಾರ, ಬೆಳಗ್ಗೆ ಆರಕ್ಕೆ. ಒಟ್ಟು ಸಾವಿರ ಚಿಲ್ಲರೆ ಮೆಟ್ಟಿಲು, ಏಳುನೂರರ ಸುಮಾರಿಗೆ ಏಕಶಿಲೆಯ ನಂದಿ. ನಮ್ಮ ಕರಾರು ಇಷ್ಟೇ: ನಂದಿಯವರೆಗೆ ಯಾರು ಎಷ್ಟು ಬೇಕಾದರೂ ಗೋಳು ತೋಡಿಕೊಳ್ಳಬಹುದು, ನಂದಿ ದಾಟಿದ ಮೇಲೆ ಆ ಮಾತು ಎತ್ತುವಂತಿಲ್ಲ.

ಮೊದಲ ವಾರ ನಂದಿಯ ಮುಂದೆಯೇ ಅರ್ಧ ಗಂಟೆ ಕೂತು ಗೋಳಾಡಿದೆ, ದಾಟಲೇ ಇಲ್ಲ. ಮೂರನೇ ವಾರದ ಹೊತ್ತಿಗೆ ಐನೂರನೇ ಮೆಟ್ಟಿಲಿನಲ್ಲೇ ಸರಕು ಮುಗಿಯಿತು. (ಏದುಸಿರೂ ಕಾರಣವಿರಬಹುದು.) ಆ ದಿನ ನಮ್ಮ ಮುಂದೆ ಹರಕೆ ಹೊತ್ತ ಹೆಂಗಸೊಬ್ಬರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಹೋಗುತ್ತಿದ್ದರು. ಸೊಂಟದ ಮೇಲೆ ಕೈಯಿಟ್ಟು ನಿಂತಾಗ ‘ಸ್ವಲ್ಪ ನಾವು ಹಚ್ಚಲೇ?’ ಎಂದು ಕೇಳಿದೆವು. ಅರಿಸಿನ ನಮ್ಮದು, ಕುಂಕುಮ ಅವರದು ಎಂದಾಯಿತು. ನೂರು ಮೆಟ್ಟಿಲಾದರೂ ಹಚ್ಚಿರಬೇಕು. ಬೆರಳಿನ ಹಳದಿ ಎರಡು ದಿನ ಹೋಗಲಿಲ್ಲ. ಇಳಿಯುವಾಗ ಮೊಣಕಾಲು ನಡುಗಿ ಮೂವರೂ ಕೈ ಹಿಡಿದುಕೊಂಡು ಅಡ್ಡಡ್ಡ ಇಳಿದೆವು, ಏಡಿಗಳ ಹಾಗೆ.

ಧಾರವಾಡದಿಂದ

ಅಳುಕಿನ ಮಾತು ಹೇಳಿದಿರಿ. ಅವ್ವ ಹಾಸಿಗೆ ಹಿಡಿದಾಗ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ. ಎಂಟನೇ ದಿನ ಅವ್ವನೇ ‘ನಿನ್ನ ಮಾರಿ ನೋಡಿ ನೋಡಿ ಸಾಕಾಗಿದೆ, ಎಲ್ಲಿಗಾದರೂ ಹೋಗು’ ಎಂದಳು.

ಇನ್ನೊಂದು. ಗೆಳೆಯರು ‘ಏನಾದರೂ ಬೇಕಿದ್ದರೆ ಹೇಳು’ ಎನ್ನುತ್ತಾರೆ. ನಾವು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ನಾನು ಒಬ್ಬ ಗೆಳೆಯನಿಗೆ ಹೇಳಿಯೇಬಿಟ್ಟೆ: ಗುರುವಾರ ಸಂಜೆ ಐದಕ್ಕೆ ಗಿರಮಿಟ್ ತೆಗೆದುಕೊಂಡು ಬಾ, ಮಿರ್ಚಿ ಭಜಿ ಎರಡು. ಗಿರಮಿಟ್‌ನ ಗುಣ ನಿಮಗೆ ಗೊತ್ತಿರಬಹುದು. ಹುಣಸೆ ಬೆಲ್ಲದ ರಸ ಬಿದ್ದ ಚುರುಮುರಿ ಸ್ವಲ್ಪ ತಡವಾದರೂ ಮೆತ್ತಗಾಗುತ್ತದೆ. ಕಟ್ಟೆಯ ಮೇಲೆ ಕೂತು ಗಡಬಡಿಸಿ ತಿನ್ನಲೇಬೇಕು, ಸಾಂತ್ವನ ಹೇಳಲು ಅವನಿಗೆ ಪುರಸೊತ್ತೇ ಸಿಗುತ್ತಿರಲಿಲ್ಲ. ನನಗೆ ಬೇಕಾಗಿದ್ದೂ ಅದೇ.

ಪುತ್ತೂರಿನ ಕಡೆಯಿಂದ

ತುಳುನಾಡಿನಲ್ಲಿ ಕಷ್ಟದ ತಿಂಗಳಿಗೆ ಹೆಸರೇ ಇದೆ: ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹಿಂದೆ ಒಳಗೆ ಅಕ್ಕಿ ತಳ ಕಂಡಿರುತ್ತಿತ್ತು, ಹೊರಗೆ ಬಿಡದ ಮಳೆ. ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ ಎಂದು ಸಿಕ್ಕಿದ್ದರಲ್ಲಿ ಹೊಟ್ಟೆ ತುಂಬಿಸಿಕೊಂಡರು. ಈಗ ಅದನ್ನೇ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಸಭಾಂಗಣದಲ್ಲಿ ಬಡಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಮೈಕ್ ಇದ್ದಲ್ಲಿ ಹರಟೆಗೆ ಜಾಗವಿಲ್ಲ.

ಸಾಲದವರು ಮನೆಬಾಗಿಲಿಗೆ ಬರುತ್ತಿದ್ದ ಒಂದು ಆಟಿಯಲ್ಲಿ ನೆರೆಯ ಇಬ್ಬರು ಗೆಳತಿಯರು ಕೆಸುವಿನ ಎಲೆ ಕೊಯ್ದುಕೊಂಡು ನಮ್ಮ ಅಡುಗೆಮನೆಗೇ ಬಂದರು. ಪತ್ರೊಡೆ ಒಬ್ಬರ ಕೆಲಸವಲ್ಲ. ಒಬ್ಬಳು ಅಕ್ಕಿ ಮಸಾಲೆ ರುಬ್ಬಿದಳು, ಒಬ್ಬಳು ಎಲೆಯ ನಾರು ತೆಗೆದಳು, ನಾನು ಎಲೆಯ ಬೆನ್ನಿಗೆ ಹಿಟ್ಟು ಸವರಿ ಒಂದರ ಮೇಲೊಂದು ಇಟ್ಟು ಸುತ್ತಿದೆ. ಮಾತಿನ ಭರದಲ್ಲಿ ಹುಣಸೆಹುಳಿ ಕಡಿಮೆಯಾಯಿತು. ಬಾಯಿಗಿಟ್ಟದ್ದೇ ಮೂವರ ಗಂಟಲೂ ತುರಿಸತೊಡಗಿತು. ಮಜ್ಜಿಗೆಯ ಪಾತ್ರೆಗೆ ಮೂರು ಕೈಗಳು. ಅತ್ತೆ ಒಳಗಿನಿಂದ ಬಂದು, ಅಳುತ್ತಿದ್ದೇವೆಯೋ ನಗುತ್ತಿದ್ದೇವೆಯೋ ತಿಳಿಯದೆ ಸುಮ್ಮನೆ ಹಿಂದಕ್ಕೆ ಹೋದರು. ನೀವೂ ಹೊರಗೆ ಹೋಗಲೇಬೇಕೆಂದಿಲ್ಲ. ಮೂರು ಜೊತೆ ಕೈ ಬೇಡುವ ಕೆಲಸವೊಂದನ್ನು ಅಪ್ಪನ ಕೋಣೆಗೆ ಕೇಳಿಸುವಷ್ಟು ಹತ್ತಿರದಲ್ಲೇ ಮಾಡಬಹುದು.

ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯವನ್ನು ಮಾತ್ರ ಗೆಳತಿಯರ ಹುಮ್ಮಸ್ಸಿಗೆ ಬಿಡಬೇಡಿ. ಕತ್ತಲಲ್ಲಿ ಬೇರೆ ಮರದ ತೊಗಟೆ ತಂದು ಕುಡಿದು ಪ್ರಾಣಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಮರ ಬಲ್ಲವರೇ ತರಬೇಕು.

ದುಬೈನಿಂದ

ನಮ್ಮದು ಪದಬಂಧ. ಶಿವಮೊಗ್ಗದ ಗೆಳತಿ ಬೆಳಗ್ಗೆ ಆರೂವರೆಗೆ ಪತ್ರಿಕೆಯ ಪದಬಂಧದ ಫೋಟೊ ಕಳಿಸುತ್ತಾಳೆ, ಇಲ್ಲಿ ಆಗ ಐದು. ಮಗು ಉಳಿಯದೆ ಹೋದ ಆ ತಿಂಗಳು ನನಗೆ ಹೇಗೂ ಆ ಹೊತ್ತಿಗೆ ಎಚ್ಚರವಿರುತ್ತಿತ್ತು. ‘ಹೇಗಿದ್ದೀಯಾ’ ಎಂದು ಅವಳು ಕೇಳುತ್ತಿರಲಿಲ್ಲ. ‘ಅಡಿಕೆಗೆ ಶತ್ರು, ಎರಡಕ್ಷರ’ ಎಂದು ಬರೆಯುತ್ತಿದ್ದಳು. ‘ಮಳೆ’ ಎಂದು ತುಂಬಿದೆವು. ಮೇಲಿನಿಂದ ಕೆಳಕ್ಕೆ ಯಾವುದೂ ಹೊಂದಲಿಲ್ಲ. ಎರಡು ದಿನ ಜಗಳವಾಡಿದ ಮೇಲೆ ‘ಕೊಳೆ’ ಎಂದು ಹೊಳೆಯಿತು, ಅಡಿಕೆಗೆ ಬರುವ ಕೊಳೆರೋಗ. ಅಡಿಕೆ ತೋಟದ ಮನೆಯ ಮಗಳು ಅವಳು, ಇವತ್ತಿಗೂ ಅದನ್ನು ಎತ್ತಿ ಆಡುತ್ತೇನೆ.

ಕೇಳಿದವಳಿಂದ

ಎಲ್ಲರ ಮಾತನ್ನೂ ಗೆಳತಿಯರಿಗೆ ಓದಿ ಹೇಳಿದೆ. ಹೊರಡುವಾಗ ಅಪ್ಪ ಸರಿಯಿರುವ ಕೈಯನ್ನು ಬಾಗಿಲ ಕಡೆಗೆ ಆಡಿಸಿದರು. ಹೋಗು ಎಂದೋ, ಬಾಗಿಲು ಹಾಕಿಕೋ ಎಂದೋ ಗೊತ್ತಾಗಲಿಲ್ಲ. ಹೋದೆ. ಚಾಮುಂಡಿ ಬೆಟ್ಟ ದೂರವಾಯಿತು, ಲಾಲ್‌ಬಾಗಿನ ಬಂಡೆ ಹತ್ತಿರ. ಮುನ್ನೂರು ಕೋಟಿ ವರ್ಷದ ಕಲ್ಲು ಎನ್ನುತ್ತಾರೆ, ನಮ್ಮ ಗೋಳಿಗೆ ಸಾಕು ಎನ್ನಿಸಿತು. ಟಿಕೆಟ್ ಬಿಟ್ಟರೆ ಖರ್ಚು ಒಂದು ಪೊಟ್ಟಣ ಕಡಲೆಕಾಯಿ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರವೇ ನಮ್ಮ ನಂದಿ, ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಬೇಕೆಂದು ಕರಾರು. ಬಂಡೆ ಎಷ್ಟು ಎತ್ತರ ಮಹಾ! ಗೋಪುರ ಬಂದಾಗ ನಾನಿನ್ನೂ ಆಸ್ಪತ್ರೆಯ ಎರಡನೇ ದಿನದಲ್ಲಿದ್ದೆ. ‘ನಡೆ, ಕೆಳಗಿಳಿ’ ಎಂದಳು ಒಬ್ಬಳು. ಇಳಿದು ಮತ್ತೆ ಹತ್ತಿದೆವು.