ಸರ್ಕಾರಿ ವಸತಿ ಕೆಡವಿ ಮಿಶ್ರ ಬಡಾವಣೆ ಕಟ್ಟಿದರೆ ಹಳೆಯ ನಿವಾಸಿಗಳಿಗೆ ಲಾಭವೇ?

ಪ್ರಶ್ನೆ:
ನಾವಿರುವ ವಸತಿ ಸಮುಚ್ಚಯವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಒಂದಷ್ಟು ಮನೆ ನಮಗೆ, ಉಳಿದವು ಮಾರಾಟಕ್ಕೆ. ಉಳ್ಳವರ ನೆರೆಯಲ್ಲಿ ಬೆಳೆದರೆ ಮಕ್ಕಳಿಗೆ ಒಳ್ಳೆಯದು ಎನ್ನುತ್ತಾರೆ. ನಂಬಬಹುದೇ? ಅಮ್ಮನಿಗೆ ರಾತ್ರಿ ಉಸಿರು ಕಟ್ಟಿದರೆ ಓಡಿ ಬರುವವರು ಎದುರು ಮನೆಯವರು. ಅವರು ಎಲ್ಲಿಗೆ ಹೋಗುತ್ತಾರೋ ಎಂಬುದೇ ನನ್ನ ಚಿಂತೆ.

ಉತ್ತರ 1:
ಬಾಡಿಗೆದಾರರ ಪರವಾಗಿ ಇಂಥ ಒಪ್ಪಂದಗಳನ್ನು ಓದುವುದೇ ನನ್ನ ಕೆಲಸ. ಕೆಡವುವ ಮನೆಗಳೆಷ್ಟು, ಅದೇ ಬಾಡಿಗೆಗೆ ಮರಳಿ ಸಿಗುವವು ಎಷ್ಟು ಎಂದು ಮೊದಲು ಕೇಳಿ. ಹಳೆಯ ಸರ್ಕಾರಿ ವಸತಿ ಕೆಡವಿ ಮಿಶ್ರ ಬಡಾವಣೆ ಕಟ್ಟಲು ಅಮೆರಿಕದಲ್ಲಿ 1992ರಲ್ಲಿ ಶುರುವಾದ ಹೋಪ್ 6 ಯೋಜನೆಯಡಿ ಕೆಡವಿದಷ್ಟು ಸರ್ಕಾರಿ ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಕೆಡವಿದ ಪ್ರತಿ ಮನೆಗೆ ಬದಲಿ ಮನೆ ಕೊಡಬೇಕೆಂಬ ನಿಯಮವನ್ನೇ 1998ರಲ್ಲಿ ಕಾಯಂ ಆಗಿ ತೆಗೆದುಹಾಕಿದರು. ಹಿಂತಿರುಗಿದ ಹಳಬರು ಕಡಿಮೆ. ಕೆನಡಾದ ಟೊರಾಂಟೊದಲ್ಲಿ ರೀಜೆಂಟ್ ಪಾರ್ಕ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ 2005ರಿಂದ ಹಂತಹಂತವಾಗಿ ಕೆಲಸ ನಡೆಸಿ, ಬಾಡಿಗೆದಾರರಿಗೆ ಮರಳುವ ಹಕ್ಕು ಕೊಟ್ಟರು. ಆದರೂ ವರ್ಷಗಟ್ಟಲೆ ಬೇರೆಡೆ ಕಾಯುವುದು ತಪ್ಪಲಿಲ್ಲ. ಮಕ್ಕಳ ಶಾಲೆ ಬದಲಾಗುವ ಕಷ್ಟವನ್ನು ಯಾವ ಕಡತವೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನನಗೆ ಸಂಕಟ ತರುತ್ತದೆ.

ಉತ್ತರ 2:
ನಕ್ಷೆಯನ್ನೂ ನೋಡಿ. ಲಂಡನ್ನಿನ ಕೆಲವು ಮಿಶ್ರ ಕಟ್ಟಡಗಳಲ್ಲಿ ಕಡಿಮೆ ಬಾಡಿಗೆಯವರಿಗೆ ಪ್ರತ್ಯೇಕ ಬಾಗಿಲಿಟ್ಟರು. ಒಂದು ಕಡೆಯಂತೂ ಅವರ ಮಕ್ಕಳನ್ನು ಆಟದ ಅಂಗಳಕ್ಕೇ ಬಿಡಲಿಲ್ಲ. 2019ರಲ್ಲಿ ದೊಡ್ಡ ಗದ್ದಲವೆದ್ದಿತು. ಬಾಗಿಲೇ ಬೇರೆಯಾದರೆ ಬೆರೆಯುವುದು ಹೇಗೆ?

ಪ್ರಶ್ನೆ ಕೇಳಿದವರು:
ಎದುರು ಮನೆಯವರನ್ನೂ ನಮ್ಮನ್ನೂ ಒಟ್ಟಿಗೇ ಸ್ಥಳಾಂತರಿಸಿ ಎಂದು ಕೇಳಬಹುದೇ?

ಉತ್ತರ 1:
ಖಂಡಿತ ಕೇಳಿ. ಸಹಿ ಹಾಕುವ ಮುನ್ನ, ಬರಹದಲ್ಲಿ, ಇಡೀ ಮಹಡಿಯವರು ಸೇರಿ.